ಇಪ್ಪತ್ತೇಳನೇ ಸ್ಲೈಡು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಚೂರಿಯಕ್ಕ ಎಂದು. ಹೆಸರು ಕೇಳಿ ಹೆದರಬೇಕಾಗಿಲ್ಲ. ಮೂವತ್ತೊಂದು ವರ್ಷದಿಂದ ಅವಳು ಕೊಯ್ಯುತ್ತಿದ್ದದ್ದು ಮೆದುಳನ್ನು, ಅದೂ ಸತ್ತವರದ್ದನ್ನು, ಅದೂ ಅವರು ಬದುಕಿದ್ದಾಗಲೇ ಸಹಿ ಹಾಕಿ ಕೊಟ್ಟುಹೋದದ್ದನ್ನು. ಬದುಕಿರುವವರಿಗೆ ಅವಳ ಚೂರಿಯಿಂದ ಏನೂ ಅಪಾಯವಿಲ್ಲ ಎಂದು ಎಲ್ಲರೂ ನಂಬಿದ್ದರು. ಅವಳೂ ನಂಬಿದ್ದಳು.

ವೈದ್ಯಕೀಯ ಕಾಲೇಜಿನ ಹಿಂದಿನ ಕಟ್ಟಡದ ಎರಡನೇ ಮಹಡಿಯಲ್ಲಿ ಅವಳ ಕೋಣೆ. ಕೆಲಸ ಹೇಳುವುದಕ್ಕೆ ಸುಲಭ. ಹೆಬ್ಬೆರಳಿನಷ್ಟು ಮೆದುಳಿನ ತುಂಡನ್ನು ಮೇಣದಲ್ಲಿ ಹೂತು ಅಚ್ಚು ಮಾಡಿರುತ್ತಾರೆ. ಆ ಅಚ್ಚನ್ನು ಕೊಯ್ಯುವ ಯಂತ್ರದ ಹಿಡಿಕೆಗೆ ಸಿಕ್ಕಿಸಿ, ಸ್ಕ್ರೂ ಬಿಗಿದು, ಪಕ್ಕದ ಚಕ್ರ ತಿರುಗಿಸಬೇಕು. ಪ್ರತಿ ಸುತ್ತಿಗೂ ಒಂದೊಂದು ಪದರ ಅಲಗಿನ ಮೇಲೆ ಇಳಿಯುತ್ತದೆ. ಈರುಳ್ಳಿಯ ಒಳಪೊರೆ ಇದರ ಮುಂದೆ ಕಂಬಳಿ. ಪದರಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ರಿಬ್ಬನ್ನಿನ ಹಾಗೆ ಬರುತ್ತವೆ. ಅದನ್ನು ಕುಂಚದ ತುದಿಯಲ್ಲಿ ಎತ್ತಿ, ಬಿಸಿನೀರಿನ ತಟ್ಟೆಯ ಮೇಲೆ ತೇಲಿಬಿಟ್ಟು, ಸುಕ್ಕು ಬಿಚ್ಚಿಕೊಂಡ ಮೇಲೆ ಕೆಳಗಿನಿಂದ ಗಾಜಿನ ಸ್ಲೈಡು ತೂರಿಸಿ ಎತ್ತಿಕೊಳ್ಳಬೇಕು. ಆಗ ಜೋರಾಗಿ ಉಸಿರು ಬಿಡುವ ಹಾಗಿಲ್ಲ. ಸೀನಿದರಂತೂ ಅರ್ಧ ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಗಂಡ ಟೈಲರ್. ಮನೆಯ ಕೆಳಗೇ ಅಂಗಡಿ, ಮೇಲೆ ಎರಡು ಕೋಣೆ. 'ನಾನು ಕೊಯ್ಯೋಳು, ಇವರು ಹೊಲಿಯೋರು, ಹೇಗೋ ಸಂಸಾರ ಸರಿತೂಗತ್ತೆ' ಎಂದು ಅವಳು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಟೈಲರನಿಗೆ ಒಂದು ಕೆಟ್ಟ ಚಾಳಿ ಇತ್ತು. ಎದುರಿಗೆ ಯಾರೇ ಬಂದರೂ ಮುಖಕ್ಕಿಂತ ಮೊದಲು ಅವರ ಬಟ್ಟೆಯ ಹೊಲಿಗೆ ನೋಡುವುದು, ನೋಡಿ ಸುಮ್ಮನಿರದೆ ಬಾಯಿಬಿಡುವುದು. 'ಈ ಕಾಲರ್ ಹೊಲಿದವನಿಗೆ ನಿಮ್ಮ ಮೇಲೆ ಹಳೇ ದ್ವೇಷ ಏನಾದ್ರೂ ಇತ್ತಾ?' ಎಂದು ಅವನು ತನ್ನ ಮದುವೆಯ ದಿನ ಮಾವನನ್ನೇ ಕೇಳಿದ್ದ. ಮಾವ ಆಮೇಲೆ ಸಾಯುವ ತನಕ ಇವನ ಕೈಯಲ್ಲೇ ಅಂಗಿ ಹೊಲಿಸಿದ ಎನ್ನುವುದು ಬೇರೆ ಮಾತು.

ಚೂರಿಯಕ್ಕನ ಚಾಳಿ ಇನ್ನೊಂದು. ಅವಳು ತಪ್ಪೊಪ್ಪಿಕೊಳ್ಳುವವಳಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಉಪ್ಪಿನ ಕಂಪನಿಯ ತಪ್ಪು, ಬಸ್ಸು ತಪ್ಪಿದರೆ ಗಡಿಯಾರದ ತಪ್ಪು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನೀವು ನೋಡಿರಬಹುದು. ಇವಳು ನಾಲ್ಕನೆಯ ಕಾಲನ್ನು ತೋರಿಸಿದರೂ ಅದು ಬಾಲ ಎಂದು ವಾದಿಸುವವಳು.

ಮೂರು ವರ್ಷದ ಹಿಂದೆ ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರೂ ಬರೀ ಮೇಡಂ ಎಂದು ಕರೆಯುವ ಡಾಕ್ಟರು, ಒಂದು ಹೊಸ ಕೆಲಸ ಕೈಗೆತ್ತಿಕೊಂಡರು. ಮೆದುಳಿನ ಬುಡದಲ್ಲಿ, ಎಡಪಾಲು ಬಲಪಾಲು ಬಂದು ಕೂಡುವ ನಡುಗೆರೆಯಲ್ಲಿ, ಕೆಲವು ಜೀವಕೋಶಗಳ ಸಾಲಿದೆ. ಸೆರೊಟೋನಿನ್ ಎಂಬ ರಾಸಾಯನಿಕವನ್ನು ಮೆದುಳಿಗೆಲ್ಲ ಒದಗಿಸುವವು ಇವೇ. ಇಲ್ಲಿಂದ ಎಳೆ ಹೊರಟು ಮೂಲೆ ಮೂಲೆಗೂ ಹೋಗುತ್ತದೆ. ನಿದ್ದೆ, ಹಸಿವು, ತಾಳ್ಮೆ, ಮನಸ್ಸಿನ ಗೆಲುವು, ಎಲ್ಲದರಲ್ಲೂ ಅದರದ್ದೊಂದು ಕೈ ಇರುತ್ತದೆ. ಈ ಸಾಲಿಗೆ ವೈದ್ಯರು ಇಟ್ಟ ಹೆಸರಿಗೆ ಗ್ರೀಕ್ ಮಾತಿನಲ್ಲಿ ಹೊಲಿಗೆ ಎಂದೇ ಅರ್ಥ ಎಂದು ಮೇಡಂ ಹೇಳಿದಾಗ ಚೂರಿಯಕ್ಕನಿಗೆ ಮೈಯೆಲ್ಲ ಕಿವಿಯಾಯಿತು. ಟೈಲರನ ಹೆಂಡತಿಗೆ ಹೊಲಿಗೆ ಎಂದರೆ ಸಾಕಲ್ಲ.

"ವಯಸ್ಸಾಗ್ತಾ ಆಗ್ತಾ ಸೆರೊಟೋನಿನ್ ಹಿಡ್ಕೊಳ್ಳೋ ಗ್ರಾಹಕಗಳು ಮೆದುಳಿನ ಮೇಲ್ಭಾಗದಲ್ಲಿ ಕಡಿಮೆ ಆಗ್ತವೆ, ಅದು ಗೊತ್ತಿರೋದೇ," ಎಂದರು ಮೇಡಂ. "ಆದ್ರೆ ಬುಡದಲ್ಲಿರೋ ಈ ಹೊಲಿಗೆ ಸಾಲು? ಅದೂ ಸವೆಯತ್ತಾ, ಇಲ್ವಾ? ಅದನ್ನ ನಾವು ಎಣಿಸಿ ನೋಡ್ಬೇಕು."

ಚೂರಿಯಕ್ಕ ಕೇಳಿಸಿಕೊಂಡದ್ದು ಮೊದಲ ಅರ್ಧ. ಎರಡನೆಯ ಅರ್ಧ ಪ್ರಶ್ನೆಯಾಗಿತ್ತು ಎನ್ನುವುದನ್ನು ಅವಳು ಆವತ್ತೇ ಮರೆತಳು.

ಸ್ಲೈಡುಗಳ ಮೇಲೆ ಹೆಸರಿಲ್ಲ, ವಯಸ್ಸಿಲ್ಲ, ಬರೀ ನಂಬರು. ವಯಸ್ಸು ಗೊತ್ತಿದ್ದರೆ ಎಣಿಸುವವರ ಕಣ್ಣು ಪಕ್ಷಪಾತ ಮಾಡುತ್ತದೆ ಎಂದು ಆ ಪಟ್ಟಿಯನ್ನು ಮೇಡಂ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಚೂರಿಯಕ್ಕ ಸುಮ್ಮನಿರುತ್ತಾಳೆಯೇ? ಬಣ್ಣ ಹಾಕಿದ ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, 'ಇದು ಎಪ್ಪತ್ತು', 'ಇದು ನಲವತ್ತೈದು' ಎಂದು ವಯಸ್ಸು ಊಹಿಸಿ, ತನ್ನ ಕಪಾಟಿನ ಬಾಗಿಲ ಒಳಗೆ ಪೆನ್ಸಿಲಿನಲ್ಲಿ ಬರೆದಿಡತೊಡಗಿದಳು. ಹಳೆಯ ಕೆಲಸಗಳಲ್ಲಿ ಅವಳ ಊಹೆ ಹತ್ತರಲ್ಲಿ ಏಳು ಸರಿಯಾಗಿರುತ್ತಿತ್ತು. ಹೊಗಳುವವರೂ ಇದ್ದರು. ಹೊಗಳಿಕೆ ತಲೆಗೇರಲು ಏಣಿ ಬೇಕಾಗಿಲ್ಲ.

ಇಷ್ಟರಲ್ಲಿ ಮನೆಯಲ್ಲಿ ಟೈಲರ್ ಬದಲಾಗತೊಡಗಿದ್ದ. ಅವನಿಗೆ ಆಗ ಅರವತ್ತಾರು. ಬೆಳಗಿನ ಜಾವಕ್ಕೇ ಎಚ್ಚರವಾಗಿ ಅಡುಗೆಮನೆಯ ಮಣೆಯ ಮೇಲೆ ಕೂತಿರುತ್ತಿದ್ದ. ಊಟ ಅರ್ಧಕ್ಕೇ ಬಿಡುತ್ತಿದ್ದ. ಅಂಗಡಿಯಲ್ಲಿ ಬಟ್ಟೆ ರಾಶಿ ಬಿದ್ದಿತ್ತು, ಕೇಳಿದವರಿಗೆ 'ನೋಡೋಣ' ಎನ್ನುತ್ತಿದ್ದ. ಕೊರಳಲ್ಲಿ ಅಳತೆಯ ಟೇಪು ಇರುತ್ತಿತ್ತು, ಅಳತೆ ತೆಗೆಯುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಿನದು, ಜನರ ಹೊಲಿಗೆಯನ್ನು ಬೈಯುವುದನ್ನು ನಿಲ್ಲಿಸಿಬಿಟ್ಟಿದ್ದ. ಎದುರುಮನೆಯವನು ಒಂದು ತೋಳು ಉದ್ದ ಒಂದು ತೋಳು ಗಿಡ್ಡ ಇರುವ ಕೋಟು ಹಾಕಿಕೊಂಡು ಬೇಕೆಂದೇ ಅಂಗಡಿಯ ಮುಂದೆ ಎರಡು ಸಲ ಓಡಾಡಿದ. ಟೈಲರ್ 'ಚೆನ್ನಾಗಿದೆ' ಎಂದ. ಆ ಮನುಷ್ಯ ಗಾಬರಿಯಾಗಿ ಬಂದು ಚೂರಿಯಕ್ಕನಿಗೆ ಹೇಳಿಹೋದ.

ಅವನ ತಂಗಿ, ಅಂದರೆ ಚೂರಿಯಕ್ಕನ ನಾದಿನಿ, ವಾರಕ್ಕೊಮ್ಮೆ ಬರುವವಳು. ಬಾಯಿ ಜೋರು, ಕರುಳು ಮೆತ್ತಗೆ.

"ಅತ್ತಿಗೆ, ಅಣ್ಣ ಹೀಗಿರೋನಲ್ಲ. ಯಾರಾದ್ರೂ ಡಾಕ್ಟರಿಗೆ ತೋರ್ಸಿ."

"ಡಾಕ್ಟರು ಏನು ಮಾಡ್ತಾರೆ? ವಯಸ್ಸಾಯ್ತು ಕಣೇ. ದಿನಾ ನೋಡ್ತೀನಿ ನಾನು, ನೀನು ನೋಡಿದೀಯಾ?"

"ನೀವು ನೋಡೋದು ಸತ್ತೋರದ್ದು ಅತ್ತಿಗೆ. ನಮ್ಮಣ್ಣ ಇನ್ನೂ ಬದುಕಿದಾನೆ."

ಚೂರಿಯಕ್ಕ ಟೀ ಇಡಲು ಎದ್ದುಹೋದಳು. ಉತ್ತರವಿಲ್ಲದಾಗ ಟೀ ಇಡುವುದು ಆ ಮನೆಯ ಪದ್ಧತಿ.

ಅದೇ ವಾರ ಇಪ್ಪತ್ತೇಳನೇ ಸ್ಲೈಡು ಬಂತು. ಸೆರೊಟೋನಿನ್ ಕೋಶಗಳು ಬಣ್ಣ ಹಿಡಿದರೆ ಕಂದು ಚುಕ್ಕಿಗಳಾಗಿ ಕಾಣುತ್ತವೆ. ಬೇರೆ ಸ್ಲೈಡುಗಳಲ್ಲಿ ನಡುಗೆರೆಯ ಉದ್ದಕ್ಕೂ ಒತ್ತೊತ್ತಾಗಿ ಇರುತ್ತಿದ್ದ ಆ ಚುಕ್ಕಿಗಳು ಇದರಲ್ಲಿ ಅಲ್ಲೊಂದು ಇಲ್ಲೊಂದು, ಅದೂ ಮಂಕಾಗಿ. ಅವಳು ಎರಡು ಸಲ ಕಣ್ಣುಜ್ಜಿಕೊಂಡು ನೋಡಿದಳು. ಕಪಾಟಿನ ಬಾಗಿಲಿನಲ್ಲಿ 'ಎಂಬತ್ತೈದು' ಎಂದು ಬರೆದಳು. ಬರೆದು ಸುಮ್ಮನಾಗಬಹುದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಅವಳಿಗೆ ಗೊತ್ತಿಲ್ಲದ ಗಾದೆಯೇನಲ್ಲ.

ಮನೆಗೆ ಬಂದವಳೇ, ಗಂಡ ಮುಟ್ಟದೆ ಬಿಟ್ಟ ತಟ್ಟೆಯನ್ನು ಎತ್ತುತ್ತಾ ಹೇಳಿದಳು. "ಇವತ್ತು ಒಂದು ಸ್ಲೈಡು ನೋಡ್ದೆ ರೀ. ಇಪ್ಪತ್ತೇಳು. ಹೊಲಿಗೆ ಸಾಲು ಪೂರ್ತಿ ಸವೆದುಹೋಗಿದೆ. ನಿಮ್ಮದೂ ಈಗ ಹಾಗೇ ಇರತ್ತೆ. ಅದಕ್ಕೇ ಈ ಮಂಕು. ಯಾರೇನು ಮಾಡೋಕಾಗತ್ತೆ, ಎಲ್ರಿಗೂ ಬರೋದೇ."

ಅವಳು ಸಮಾಧಾನ ಹೇಳಿದೆ ಎಂದುಕೊಂಡಳು. ಇದರಲ್ಲಿ ನನಗೆ ಅನುಮಾನವಿಲ್ಲ. ಸೋಮಾರಿ ಎಂದು ಬೈಯುವುದಕ್ಕಿಂತ ಇದು ಮೇಲಲ್ಲವೇ ಎನ್ನುವುದು ಅವಳ ಲೆಕ್ಕ. ಟೈಲರ್ ತಲೆಯಾಡಿಸಿದ. "ಪೂರ್ತಿನಾ?" ಎಂದು ಒಂದೇ ಮಾತು ಕೇಳಿದ. "ಹೆಚ್ಚುಕಡಿಮೆ ಪೂರ್ತಿನೇ," ಎಂದಳು.

ಅಂದಿನಿಂದ ಅವನು ಅದನ್ನೇ ಹಿಡಿದುಕೊಂಡ. ಅಂಗಡಿಗೆ ಬಂದವರು ಹೇಗಿದ್ದೀರಿ ಎಂದರೆ "ನಂದು ಇಪ್ಪತ್ತೇಳನೇ ನಂಬರು" ಎನ್ನುತ್ತಿದ್ದ. ಕೇಳಿದವರಿಗೆ ಅರ್ಥವಾಗುತ್ತಿರಲಿಲ್ಲ, ನಕ್ಕು ಹೋಗುತ್ತಿದ್ದರು. ನಾದಿನಿ ಮತ್ತೆ ಡಾಕ್ಟರ ಮಾತೆತ್ತಿದಾಗ ಅವನೇ, "ಬೇಡ ಬಿಡು. ನಿಮ್ಮತ್ತಿಗೆ ಕಣ್ಣಾರೆ ನೋಡಿದಾಳೆ. ಸವೆದ ಹೊಲಿಗೆಗೆ ಡಾಕ್ಟರು ಏನು ದಾರ ಹಾಕ್ತಾರಾ?" ಎಂದ. ಹೀಗೆ ಎಂಟು ತಿಂಗಳು ಕಳೆದವು. ಎಂಟು ತಿಂಗಳು, ಕಡಿಮೆಯಲ್ಲ. ಅಷ್ಟರಲ್ಲಿ ಅವನ ಅಂಗಿಯ ಕೊರಳಿಗೆ ಎರಡು ಬೆರಳು ತೂರುವಷ್ಟು ಅವನು ಇಳಿದಿದ್ದ.

ಎಣಿಕೆ ಮುಗಿದು ಬೀಗ ತೆಗೆಯುವ ದಿನ ಬಂತು. ಮೇಡಂ ಪಟ್ಟಿ ತಂದು ಮೇಜಿನ ಮೇಲೆ ಹರಡಿದರು. ಚೂರಿಯಕ್ಕ ಹೊಸ ಸೀರೆ ಉಟ್ಟು ಬಂದಿದ್ದಳು, ತನ್ನ ಊಹೆಗಳಿಗೆ ಬಹುಮಾನವೇ ಇದೆ ಎನ್ನುವ ಹಾಗೆ.

"ಸಾಲು ಹೆಚ್ಚುಕಡಿಮೆ ಹಾಗೇ ಇದೆ ಅಕ್ಕ," ಎಂದರು ಮೇಡಂ. "ಇದು ನೋಡಿ, ಎಂಬತ್ತೆಂಟು ವರ್ಷದ ಅಜ್ಜಿದು. ಎಷ್ಟು ಒತ್ತಾಗಿದೆ! ಗ್ರಾಹಕಗಳು ಕಡಿಮೆ ಆಗ್ಲಿ, ಬುಡ ಭದ್ರವಾಗೇ ಇದೆ."

"ಮತ್ತೆ ನಾನು ವಯಸ್ಸು ಹೇಳ್ತಿದ್ದದ್ದು?"

"ಅದು ನೀವು ಕೋಶದೊಳಗೆ ಕೂರೋ ಹಳದಿ ಕಿಟ್ಟ ನೋಡಿ ಹೇಳ್ತಿದ್ರಿ. ವಯಸ್ಸಿನ ಜೊತೆ ಹೆಚ್ಚೋದು ಅದು. ನಿಮ್ಮ ಕಣ್ಣು ಒಳ್ಳೇದೇ, ಕಾರಣ ಮಾತ್ರ ತಪ್ಪು."

ಚೂರಿಯಕ್ಕನ ಬೆರಳು ಪಟ್ಟಿಯ ಮೇಲೆ ಜಾರಿ ಇಪ್ಪತ್ತೇಳಕ್ಕೆ ಬಂದು ನಿಂತಿತು. ಅದರ ಮುಂದೆ ಮೂವತ್ತೊಂಬತ್ತು ಎಂದಿತ್ತು.

"ಇದು ತಪ್ಪಿರ್ಬೇಕು ಮೇಡಂ. ಇದು ಪೂರ್ತಿ ಸವೆದಿದೆ, ನಾನೇ ನೋಡಿದೀನಿ."

"ಅದಾ? ಅದನ್ನ ನಾವು ಎಣಿಕೆಯಿಂದ ತೆಗೆದುಹಾಕಿದ್ವಿ. ದಪ್ಪ ಅಳೆದ್ವಿ, ಬೇರೆಯದರ ಅರ್ಧನೂ ಇಲ್ಲ. ಆ ದಿನ ಅಚ್ಚು ಹಿಡಿಯೋ ಸ್ಕ್ರೂ ಸಡಿಲ ಇತ್ತು ಅನ್ಸತ್ತೆ, ಒಂದು ಪದರ ದಪ್ಪ ಒಂದು ಪದರ ತೆಳು ಬಂದಿದೆ. ತೆಳುವಾದದ್ದರಲ್ಲಿ ಕೋಶ ಕಡಿಮೆ ಕಾಣೋದು ಸಹಜ ತಾನೇ? ಮೆದುಳೇನೋ ಚೆನ್ನಾಗೇ ಇದೆ ಪಾಪ." ಮೇಡಂ ನಗುತ್ತಾ ಹೇಳಿದರು. ಮೂವತ್ತೊಂದು ವರ್ಷದಲ್ಲಿ ಒಂದು ಸ್ಕ್ರೂ, ಅದೇನು ಮಹಾಪರಾಧ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಚೂರಿಯಕ್ಕ ಕೂತಲ್ಲೇ ಕೂತಳು. ಪಟ್ಟಿಯ ಮೇಲಿನ ಬೆರಳು ತೆಗೆಯದೆ ಕೇಳಿದಳು. "ಹಾಗಾದ್ರೆ ಮೇಡಂ, ವಯಸ್ಸಾದೋರು ಮಂಕಾಗೋದು?"

"ನಿದ್ದೆ ಸ್ವಲ್ಪ ತೆಳುವಾಗಬಹುದು. ಆದ್ರೆ ವಯಸ್ಸಾಯ್ತು ಅಂತ ಮನುಷ್ಯ ಮಂಕಾಗಲೇಬೇಕು ಅಂತ ಎಲ್ಲೂ ಇಲ್ಲ ಅಕ್ಕ. ಎಷ್ಟೋ ಮುದುಕರು ನನಗಿಂತ ಖುಷಿಯಾಗಿದಾರೆ. ಮಂಕಾಗಿದ್ರೆ ಅದು ಕಾಯಿಲೆ. ಅದಕ್ಕೆ ಔಷಧಿ ಇದೆ. ಯಾಕೆ, ಯಾರಿಗಾದ್ರೂ...?"

ಚೂರಿಯಕ್ಕ ಪಟ್ಟಿಯನ್ನು ಮೇಡಂ ಕಡೆಗೆ ತಳ್ಳಿದಳು. ಇಲ್ಲಿ ಎದ್ದುಹೋಗಿ ಇಡಲು ಟೀಯೂ ಇರಲಿಲ್ಲ.

ಸಂಕಟಕ್ಕೆ ಹೊತ್ತುಗೊತ್ತಿಲ್ಲ. ಕೆಳಗಿನ ಕಚೇರಿಯ ಮುಂದೆ ಹಾದುಹೋಗುವಾಗ ಗುಮಾಸ್ತೆ ಕಿಟಕಿಯಿಂದ ಕೂಗಿದಳು. "ಚೂರಿಯಕ್ಕ, ಒಂದು ದಾನದ ಫಾರಂ ಹದಿನೈದು ದಿನದಿಂದ ಹಾಗೇ ಇದೆ. ಹತ್ತಿರದ ಸಂಬಂಧಿಕರ ಸಹಿ ಬಾಕಿ. ನೀವೇ ಹಾಕ್ಬೇಕು."

ಮೆದುಳು ದಾನದ ಫಾರಂ. ಕೊಡುವವನ ಸಹಿ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ಕೊನೆಯ ಅಕ್ಷರಕ್ಕೆ ಗುಂಡಿಯ ಹಾಗೆ ಒಂದು ಸುತ್ತು ಹಾಕುವ ಟೈಲರನ ಸಹಿ. ವಯಸ್ಸು ಅರವತ್ತೇಳು. ದಾನಕ್ಕೆ ಕಾರಣ ಎಂಬಲ್ಲಿ ಹೆಚ್ಚಿನವರು 'ವಿಜ್ಞಾನಕ್ಕೆ' ಎಂದು ಬರೆಯುತ್ತಾರೆ. ಇವನು ಬರೆದಿದ್ದ: 'ನಮ್ಮ ಮನೆಯವಳು ಹೇಳಿದ್ದು ಸರಿಯೇ ಎಂದು ಆಮೇಲಾದರೂ ತೆಗೆದು ನೋಡಲಿ.'

ಹೆಂಡತಿಗೆ ಒಂದು ಮಾತೂ ಹೇಳದೆ, ಎರಡು ಬಸ್ಸು ಬದಲಾಯಿಸಿ ಬಂದು, ಅವಳು ಮೇಲಿನ ಮಹಡಿಯಲ್ಲಿ ಕೂತಿರುವಾಗಲೇ ಇದನ್ನು ಕೊಟ್ಟು ಹಿಂದಿರುಗಿದ್ದಾನೆ. ಆಮೇಲೆ ಅಂದರೆ ಯಾವಾಗ? ಎಷ್ಟು ಬೇಗ? ಭಯವೆಂದರೆ ಏನು ಎಂದು ಆ ಹೆಂಗಸಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಸರಿಯಾಗಿ ತಿಳಿಯಿತು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ. ಅವಳು ಅದರಲ್ಲಿ ಎಂಟು ತಿಂಗಳಿಗೂ ಹೆಚ್ಚು ಕಾಲ ಕೂತು ಊಟ ಮಾಡಿದ್ದಳು. ರಜೆ ಬರೆದುಕೊಡದೆ, ಬಿಳಿ ಕೋಟೂ ಬಿಚ್ಚದೆ, ಫಾರಂ ಹಿಡಿದು ಬಸ್ಸು ಹತ್ತಿದಳು.

ಮಧ್ಯಾಹ್ನ. ಟೈಲರ್ ಅಂಗಡಿಯಲ್ಲಿ ಮುಸುಕು ಹಾಕಿದ ಹೊಲಿಗೆ ಯಂತ್ರದ ಹಿಂದೆ ಕೂತಿದ್ದ. ಅವನನ್ನು ಕಂಡೊಡನೆ ಅವಳ ಎದೆ ಹಗುರಾಯಿತು, ಮರುಕ್ಷಣವೇ ಅಳು ಬಂತು. ಎದುರಿನ ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು.

"ಇಪ್ಪತ್ತೇಳು ನಿಮ್ಮದಲ್ಲ ರೀ."

"ಮತ್ತೆ?"

"ಮೂವತ್ತೊಂಬತ್ತು ವರ್ಷದ ಯಾರದ್ದೋ. ಸವೆದೂ ಇಲ್ಲ, ಏನೂ ಇಲ್ಲ. ಸ್ಕ್ರೂ ಸಡಿಲ ಇತ್ತು. ನಾನು ತೆಳ್ಳಗೆ ಕೊಯ್ದುಬಿಟ್ಟೆ. ತೆಳ್ಳಗೆ ಕೊಯ್ದು, ಏನೂ ಇಲ್ಲ ಅಂತ ಅದನ್ನೇ ದೂರಿದೆ." ಸೆರಗಿನಲ್ಲಿ ಮೂಗೊರೆಸಿಕೊಂಡಳು. "ತಪ್ಪು ನಂದು."

ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಟೈಲರ್ ಆ ಎರಡು ಶಬ್ದಗಳನ್ನು ಅವಳ ಬಾಯಲ್ಲಿ ಕೇಳಿರಲಿಲ್ಲ. ನಿಧಾನವಾಗಿ ತಲೆಯೆತ್ತಿ ನೋಡಿದ.

"ಹಾಗಾದ್ರೆ ನನ್ನ ಹೊಲಿಗೆ ಹೇಗಿದೆ?"

"ಗೊತ್ತಿಲ್ಲ ರೀ. ಬದುಕಿರೋರದ್ದು ನನ್ನ ಯಂತ್ರದಲ್ಲಿ ಕಾಣಲ್ಲ. ಬಾಯಿಬಿಟ್ಟು ಕೇಳ್ಬೇಕಿತ್ತು, ನಾನು ಕೇಳಲೇ ಇಲ್ಲ. ಈಗ ಕೇಳ್ತೀನಿ. ಹೇಗಾಗತ್ತೆ ನಿಮಗೆ?"

ಅವನು ಯಂತ್ರದ ಮುಸುಕಿನ ಅಂಚನ್ನು ಬೆರಳಲ್ಲಿ ಸವರಿದ. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವಳು, ದೇವರ ದಯೆ, ಬಾಯಿ ಹಾಕಲಿಲ್ಲ.

"ಕೆಳಗಿನ ಬಾಬಿನ್‌ನಲ್ಲಿ ದಾರ ಮುಗಿದಿರತ್ತೆ ನೋಡು, ಗೊತ್ತಾಗಲ್ಲ," ಎಂದ ಕೊನೆಗೆ. "ಸೂಜಿ ಓಡ್ತಾ ಇರತ್ತೆ. ಸದ್ದೂ ಬರತ್ತೆ. ಬಟ್ಟೆ ಮುಂದೆ ಹೋಗ್ತಾ ಇರತ್ತೆ. ತೆಗೆದು ತಿರುಗಿಸಿ ನೋಡಿದ್ರೆ ಬರೀ ತೂತು, ಹೊಲಿಗೆನೇ ಇಲ್ಲ. ದಿನಾ ಹಾಗೆ. ಎದ್ದೆ, ತಿಂದೆ, ಕೂತೆ. ಸಂಜೆ ತಿರುಗಿಸಿ ನೋಡಿದ್ರೆ ಏನೂ ಹಿಡಿದಿರಲ್ಲ."

"ಬಾಬಿನ್‌ಗೆ ದಾರ ಸುತ್ತಬಹುದಲ್ಲ?"

"ಸವೆದಿದೆ ಅಂದಿದ್ಯಲ್ಲ ನೀನು."

ಇದಕ್ಕಿಂತ ದೊಡ್ಡ ಬೈಗುಳ ಅವಳಿಗೆ ಯಾರೂ ಬೈದಿರಲಿಲ್ಲ, ಅವನು ಬೈಯುವ ದನಿಯಲ್ಲಿ ಹೇಳಿರಲೂ ಇಲ್ಲ. ಅವಳು ಅವನ ಕೈಹಿಡಿದು ಎಬ್ಬಿಸಿದಳು. ನಾದಿನಿಗೆ ಫೋನು ಮಾಡಿದಳು. "ನೀನು ಹೇಳಿದ್ದೇ ಸರಿ ಕಣೇ," ಎಂದಳು. ಆ ಕಡೆ ನಾದಿನಿ, ರಾಂಗ್ ನಂಬರ್ ಇರಬೇಕು ಎಂದುಕೊಂಡು "ಯಾರು ಮಾತಾಡ್ತಿರೋದು?" ಎಂದು ಕೇಳಿದಳಂತೆ.

ಡಾಕ್ಟರ ಬಳಿ ನಡೆದದ್ದರಲ್ಲಿ ಕತೆಯೇನಿಲ್ಲ. ಅರ್ಧ ಗಂಟೆ ಪ್ರಶ್ನೆ ಕೇಳಿದರು. ಸಾಯಬೇಕು ಅನ್ನಿಸುತ್ತದೆಯೇ ಎಂದೂ ನೇರವಾಗಿ ಕೇಳಿದರು. "ಸಾಯಬೇಕು ಅಂತಲ್ಲ, ಇದ್ದೇನು ಅಂತ," ಎಂದ ಟೈಲರ್. ರಕ್ತ ಪರೀಕ್ಷೆಗೆ ಬರೆದರು. ಸೆರೊಟೋನಿನ್ ಸ್ವಲ್ಪ ಹೆಚ್ಚು ಹೊತ್ತು ಉಳಿಯುವಂತೆ ಮಾಡುವ ಮಾತ್ರೆ, ವಯಸ್ಸಿಗೆ ತಕ್ಕ ಹಾಗೆ ಸಣ್ಣ ಪ್ರಮಾಣದಿಂದ ಶುರು, ಗುಣ ಕಾಣಲು ಕೆಲವು ವಾರ ಬೇಕು, ನಡುವೆ ತಾವಾಗಿ ನಿಲ್ಲಿಸಬಾರದು. ದಿನಾ ಬಿಸಿಲಲ್ಲಿ ನಡೆಯಬೇಕು, ವಾರಕ್ಕೊಮ್ಮೆ ಬಂದು ಮಾತಾಡಬೇಕು. ಚೂರಿಯಕ್ಕ ಅಷ್ಟನ್ನೂ ಬರೆದುಕೊಂಡಳು. ತನಗೆ ಮೊದಲೇ ಗೊತ್ತಿತ್ತು ಎಂದು ಒಮ್ಮೆಯೂ ಹೇಳಲಿಲ್ಲ.

ಮೊದಲ ಮೂರು ವಾರ ಏನೂ ಆಗಲಿಲ್ಲ. ನಾಲ್ಕನೆಯ ವಾರ ಅವನು ಒಂದು ದಿನ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ಮರುದಿನ ಮತ್ತೆ ಅರ್ಧಕ್ಕೇ ಎದ್ದ. ಆರನೆಯ ವಾರ ಯಂತ್ರದ ಮುಸುಕು ತೆಗೆದು ಎಣ್ಣೆ ಬಿಟ್ಟ. ಎರಡು ತಿಂಗಳು ತುಂಬುವ ಹೊತ್ತಿಗೆ, ಅವಳು ಕೆಲಸಕ್ಕೆ ಹೊರಟು ಬಾಗಿಲಲ್ಲಿ ನಿಂತಿದ್ದಾಗ, ಅವನ ಕಣ್ಣು ಅವಳ ಬಿಳಿ ಕೋಟಿನ ಜೇಬಿನ ಮೇಲೆ ನಿಂತಿತು.

"ಈ ಜೇಬು ಹೊಲಿದೋನು ಯಾರೇ? ಕಣ್ಣು ಕಟ್ಕೊಂಡು ಹೊಲಿದಿದಾನಾ?"

"ಆಸ್ಪತ್ರೆಯವರು ಕೊಟ್ಟಿದ್ದು ರೀ."

"ಬಿಚ್ಚು ಇಲ್ಲಿ. ಇದನ್ನ ಹಾಕ್ಕೊಂಡು ನನ್ನ ಹೆಂಡ್ತಿ ಅಂತ ಹೇಳ್ಬೇಡ ಎಲ್ಲೂ."

ಅವಳು ಕೋಟು ಬಿಚ್ಚಿಕೊಟ್ಟಳು. ಬಸ್ಸು ತಪ್ಪಿತು, ಗಡಿಯಾರವನ್ನು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಅವನು ಹಳೆಯ ಹೊಲಿಗೆ ಬಿಚ್ಚುವುದನ್ನು ನೋಡುತ್ತಾ, ಎರಡು ತಿಂಗಳಿಂದ ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ ಫಾರಂ ತೆಗೆದಳು.

"ಇದನ್ನ ಹರಿದು ಹಾಕ್ಲಾ ರೀ?"

ಟೈಲರ್ ಫಾರಂ ಇಸಿದುಕೊಂಡ. ತಾನು ಬರೆದ ಕಾರಣವನ್ನು ಓದಿ, ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಅದನ್ನು ಹೊಡೆದುಹಾಕಿದ.

"ಹರಿಯೋದು ಯಾಕೆ? ಇರಲಿ, ಯಾವತ್ತೋ ಒಂದಿನ ಬೇಕಾಗತ್ತೆ. ಅರ್ಜೆಂಟೇನಿಲ್ಲ," ಎಂದ. ಆಮೇಲೆ ಕೆಳಗೆ, ವಿಶೇಷ ಸೂಚನೆ ಎಂಬಲ್ಲಿ ಎಲ್ಲರೂ ಖಾಲಿ ಬಿಡುವ ಜಾಗದಲ್ಲಿ, ಒಂದು ಸಾಲು ಬರೆದು, ಸಹಿ ಹಾಕೆಂದು ಹೆಂಡತಿಯ ಕಡೆಗೆ ತಳ್ಳಿದ.

'ಮೊದಲು ಸ್ಕ್ರೂ ಬಿಗಿ ಮಾಡಿಕೊಳ್ಳತಕ್ಕದ್ದು.'